ಹರಿಶ್ಚಂದ್ರನಿಗೇ ತಪ್ಪಲಿಲ್ಲ

ನಮ್ಮ ಕಡೆ ಯಾರಿಗಾದರೂ ಕಷ್ಟ ಬಂತು ಅನ್ನಿ, ಸಮಾಧಾನ ಹೇಳಲು ಬರುವವರ ಜೊತೆಯಲ್ಲಿ ಹರಿಶ್ಚಂದ್ರನೂ ತಪ್ಪದೆ ಬರುತ್ತಾನೆ. “ಅಂಥಾ ಸತ್ಯಹರಿಶ್ಚಂದ್ರನಿಗೇ ಸುಡುಗಾಡು ಕಾಯೋದು ತಪ್ಪಲಿಲ್ಲ, ನಾವ್ಯಾವ ಲೆಕ್ಕ?” ಎಂಬ ಮಾತು ಮುಗಿಯುವ ಹೊತ್ತಿಗೆ ಒಳಗಿನಿಂದ ಕಾಫಿ ಬಂದಿರುತ್ತದೆ. ಮನೆಯಲ್ಲಿ ಸಾವಾದರೂ ಹರಿಶ್ಚಂದ್ರ, ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದರೂ ಹರಿಶ್ಚಂದ್ರ, ಹಬ್ಬದ ಹಿಂದಿನ ದಿನ ಗ್ಯಾಸ್ ಮುಗಿದುಹೋದರೂ ಹರಿಶ್ಚಂದ್ರ. ನಮ್ಮ ದೊಡ್ಡತ್ತೆಯವರು ಮಾತ್ರ ಈ ವಿಷಯದಲ್ಲಿ ಇನ್ನಷ್ಟು ಅಚ್ಚುಕಟ್ಟು. ದುಡ್ಡಿನ ತಾಪತ್ರಯಕ್ಕೆ ಹರಿಶ್ಚಂದ್ರ, ಬಾಡಿಗೆ ಮನೆ ಬಿಡಬೇಕಾಗಿ ಬಂದರೆ ಶ್ರೀರಾಮ, ಗಂಡನ ಮನೆಯ ಗೋಳಿಗೆ ಸೀತೆ, ಮೈಕೈ ನೋವಿಗೆ ಶರಶಯ್ಯೆಯ ಭೀಷ್ಮ ಎಂದು ಅವರಲ್ಲಿ ಖಾತೆಗಳೇ ಬೇರೆಬೇರೆ. ಸೊಂಟ ಹಿಡಿದು ಮಲಗಿದ್ದ ನನ್ನ ಭಾವಮೈದುನನನ್ನು ನೋಡಲು ಬಂದವರು, “ಭೀಷ್ಮಾಚಾರ್ಯರಿಗೆ ದಿಂಬೂ ಇರಲಿಲ್ಲ ಕಣಪ್ಪಾ, ಅದೂ ಬಾಣದ್ದೇ” ಎಂದರು. ಪಾಪ, ಅವನು ಗೋಡೆಯ ಕಡೆ ಮಗ್ಗುಲಾಗಲು ನೋಡಿದ. ಆಗಲಿಲ್ಲ. ಕಣ್ಣು ಮುಚ್ಚಿಕೊಂಡ.

ನಗುವುದು ಸುಲಭ. ಆದರೆ ಈ ಪದ್ಧತಿಯನ್ನು ದೊಡ್ಡತ್ತೆ ಶುರುಮಾಡಿದ್ದಲ್ಲ. ಮಹಾಭಾರತದ ವನಪರ್ವ ತೆಗೆದು ನೋಡಿ. ಅರ್ಜುನ ಅಸ್ತ್ರ ತರಲು ಹೋಗಿದ್ದಾನೆ, ಉಳಿದವರು ಕಾಡಿನಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದಾರೆ. ಅಲ್ಲಿಗೆ ಬಂದ ಬೃಹದಶ್ವನೆಂಬ ಋಷಿಯನ್ನು ಧರ್ಮರಾಯ ಕೇಳುತ್ತಾನೆ: ನನ್ನಂಥ ನಿರ್ಭಾಗ್ಯ ರಾಜನನ್ನು ನೀವು ಎಲ್ಲಾದರೂ ಕಂಡದ್ದುಂಟೇ, ಕೇಳಿದ್ದುಂಟೇ? ಕಷ್ಟದಲ್ಲಿರುವವರು ಈ ಪ್ರಶ್ನೆಗೆ ಉತ್ತರ ಬಯಸುವುದಿಲ್ಲ. “ಇಲ್ಲಪ್ಪಾ, ನಿನ್ನಷ್ಟು ನೊಂದವರು ಯಾರೂ ಇಲ್ಲ” ಎಂದು ಯಾರಾದರೂ ಒಪ್ಪಿಕೊಂಡರೆ ಸಾಕು ಅನ್ನುವ ಒಂದು ಸಣ್ಣ ಆಸೆ ಅಷ್ಟೆ. ಋಷಿಗಳಿಗೆ ಇಂಥ ಸೂಕ್ಷ್ಮ ತಿಳಿಯುವುದಿಲ್ಲ. ಯಾಕಿಲ್ಲ, ನಳ ಅಂತ ಒಬ್ಬನಿದ್ದ ಎಂದು ಶುರುಮಾಡಿಯೇ ಬಿಟ್ಟ. ಮುಂದೆ ಜಯದ್ರಥ ಹೊತ್ತೊಯ್ದ ದ್ರೌಪದಿಯನ್ನು ಬಿಡಿಸಿಕೊಂಡು ಬಂದ ಮೇಲೆ ಧರ್ಮರಾಯ ಅದೇ ಪ್ರಶ್ನೆಯನ್ನು ಮಾರ್ಕಂಡೇಯನ ಮುಂದೆ ಇಟ್ಟ. ಮಾರ್ಕಂಡೇಯ ಪೂರ್ತಿ ರಾಮನ ಕಥೆ ಹೇಳಿದ. ಅಷ್ಟಕ್ಕಾದರೂ ಸುಮ್ಮನಾದನೇ? ಹೋಗಲಿ, ನಮ್ಮ ದ್ರೌಪದಿಯಂಥವಳಾದರೂ ಇದ್ದಳೇ ಎಂದ. ಸಾವಿತ್ರಿಯ ಕಥೆ ಬಂತು. ಹೀಗೆ ಕಾಡಿನಲ್ಲಿದ್ದ ಹನ್ನೆರಡು ವರ್ಷವೂ ಆ ಮನುಷ್ಯನಿಗೆ ತನ್ನ ದುಃಖದಲ್ಲಿ ಮೊದಲನೇ ಸ್ಥಾನ ಸಿಗಲೇ ಇಲ್ಲ.

ಬೃಹದಶ್ವನಿಗೂ ನಮ್ಮ ದೊಡ್ಡತ್ತೆಗೂ ಒಂದು ವ್ಯತ್ಯಾಸವಿದೆ. ಕಥೆ ಮುಗಿಸಿದ ಮೇಲೆ ಆ ಋಷಿ ಕಾಫಿ ಕುಡಿದು ಎದ್ದುಹೋಗಲಿಲ್ಲ. ಧರ್ಮರಾಯನಿಗೆ ಪಗಡೆಯ ಮರ್ಮವನ್ನು ಹೇಳಿಕೊಟ್ಟು ಹೋದ. ಯಾವುದರಲ್ಲಿ ಸೋತು ಕಾಡಿಗೆ ಬಂದಿದ್ದನೋ ಅದನ್ನೇ ಕಲಿಸಿದ. ಸಮಾಧಾನ ಹೇಳಲು ಬಂದವರು ಕೈಗೊಂದು ವಿದ್ಯೆ ಕೊಟ್ಟು ಹೋದ ಉದಾಹರಣೆ ನನ್ನ ಬಳಗದಲ್ಲಂತೂ ಇಲ್ಲ. ನಮಗೆ ಬಂದವರು ಹೆಚ್ಚೆಂದರೆ ಒಂದು ಡಜನ್ ಬಾಳೆಹಣ್ಣು ಇಟ್ಟು ಹೋಗಿದ್ದಾರೆ.

ನಳನ ಕಥೆಯನ್ನೇ ತೆಗೆದುಕೊಳ್ಳಿ. ರಾಜ್ಯ ಹೋಯಿತು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು ಬಂದದ್ದಾಯಿತು, ಕಾರ್ಕೋಟಕ ಕಚ್ಚಿ ಮೈ ವಿಕಾರವಾಯಿತು. ಲೋಕವೇ ಮೆಚ್ಚುವ ಚೆಲುವ ಗುರುತು ಸಿಗದ ಕುರೂಪಿಯಾದ. ಮುಖ ಮುಚ್ಚಿಕೊಂಡು ಗುಹೆ ಸೇರಬಹುದಿತ್ತು. ಅವನು ಬಾಹುಕ ಎಂದು ಹೆಸರಿಟ್ಟುಕೊಂಡು ಅಯೋಧ್ಯೆಯ ಋತುಪರ್ಣನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮುಖ ಹೋದರೂ ಕೈ ಇತ್ತು. ಕೊನೆಗೆ ದಮಯಂತಿಗೆ ಗಂಡನ ಗುರುತು ಸಿಕ್ಕಿದ್ದೂ ಮುಖದಿಂದಲ್ಲ. ಅವನು ಬೇಯಿಸಿದ ಅಡುಗೆಯನ್ನು ತರಿಸಿ ನಾಲಿಗೆಗೆ ಇಟ್ಟುಕೊಂಡಾಗ. ನಮ್ಮ ಕನಕದಾಸರು ಈ ಕಥೆಯನ್ನು ‘ನಳಚರಿತ್ರೆ’ಯಾಗಿ ಷಟ್ಪದಿಯಲ್ಲಿ ಹಾಡಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಸಾರು ಚೆನ್ನಾಗಿದ್ದರೆ ಈಗಲೂ ನಳಪಾಕ ಅನ್ನುತ್ತೇವೆ. ಅದು ಒಬ್ಬ ಸಂಕಟದಲ್ಲಿದ್ದವನ ಕೈರುಚಿ ಎಂದು ಪಂಕ್ತಿಯಲ್ಲಿ ಯಾರಿಗೆ ನೆನಪಾಗಬೇಕು? ಎರಡನೇ ಸಲ ಅನ್ನ ಬರುವುದರೊಳಗೆ ಸಾರು ಮುಗಿಯುತ್ತದೋ ಏನೋ ಎಂಬ ಚಿಂತೆ ನಮಗೆ.

ಪಾಂಡವರು ಅಜ್ಞಾತವಾಸದಲ್ಲಿ ಮಾಡಿದ್ದೂ ಇದನ್ನೇ. ಹನ್ನೆರಡು ವರ್ಷದ ವನವಾಸಕ್ಕಿಂತ ವಿರಾಟನ ಮನೆಯ ಆ ಒಂದು ವರ್ಷ ನನಗೆ ಇಷ್ಟ. ತಾವು ಯಾರೆಂದು ಹೇಳಿಕೊಳ್ಳುವಂತಿಲ್ಲ, ಇರುವ ಹಾಗೆ ಇರುವಂತಿಲ್ಲ. ಆಗ ಒಬ್ಬೊಬ್ಬರೂ ತಮ್ಮೊಳಗೆ ಮೊದಲಿನಿಂದ ಇದ್ದ ಹುಚ್ಚನ್ನೇ ಹೊರಗೆ ತೆಗೆದು ಉದ್ಯೋಗ ಮಾಡಿಕೊಂಡರು. ಜೂಜಿನಲ್ಲಿ ರಾಜ್ಯ ಕಳೆದವನು ಕಂಕಭಟ್ಟನಾಗಿ ದೊರೆಗೆ ಜೂಜಿನ ಜೊತೆಗಾರನಾದ. ಊಟವೆಂದರೆ ಪ್ರಾಣ ಬಿಡುತ್ತಿದ್ದ ಭೀಮ ವಲಲನಾಗಿ ಅಡುಗೆಮನೆಗೇ ಹೊಕ್ಕ. ಆ ವರ್ಷ ಅವನು ಅಷ್ಟೇನೂ ದುಃಖಪಟ್ಟಿರಲಾರ ಎಂದು ನನ್ನ ಅನುಮಾನ. ನಕುಲ ಕುದುರೆ, ಸಹದೇವ ದನ. ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ಕುಣಿತ ಕಲಿಸಿದ. ಬಯಲಾಟದಲ್ಲಿ ಬೃಹನ್ನಳೆ ಬಂದೊಡನೆ ಸಿಳ್ಳೆ ಹೊಡೆಯುವ ಜನ ಅವನು ಉತ್ತರಕುಮಾರನನ್ನು ರಥಕ್ಕೆ ಎಳೆದು ಕೂರಿಸುವಾಗ ಸುಮ್ಮನಾಗುತ್ತಾರೆ. ಎಲ್ಲರಿಗಿಂತ ಕಷ್ಟ ದ್ರೌಪದಿಯದು. ತನ್ನ ಮುಡಿಯನ್ನೇ ಕಟ್ಟುವುದಿಲ್ಲವೆಂದು ಹಟ ಹಿಡಿದಿದ್ದವಳು ಸೈರಂಧ್ರಿಯಾಗಿ ಸುದೇಷ್ಣೆಯ ಜಡೆ ಹೆಣೆಯುತ್ತ ಕೂತಳು. ಬೆಳಗ್ಗೆ ಬೆಳಗ್ಗೆ ಆ ರಾಣಿಯ ಬೆನ್ನ ಹಿಂದೆ ಕೂತು, ಬಾಚಣಿಗೆ ಎಳೆಯುವಾಗ ಎಷ್ಟು ಸಿಕ್ಕು ಬಿಡಿಸಿದಳೋ, ಎಷ್ಟು ಹಾಗೇ ಬಿಟ್ಟಳೋ.

ನಾವು ಹೀಗೊಂದು ವರ್ಷ ತಲೆಮರೆಸಿಕೊಂಡು ಇರಬೇಕಾಗಿ ಬಂದರೆ ಯಾವ ಕೆಲಸ ಹಿಡಿಯಬಹುದು ಎಂದು ಮನೆಯಲ್ಲಿ ಒಂದು ಸಂಜೆ ಚರ್ಚೆಯಾಯಿತು. ನನ್ನಾಕೆ ಟೈಲರಿಂಗ್ ಅಂದಳು, ಮಗಳು ಮೆಹೆಂದಿ ಹಾಕುತ್ತೇನೆ ಅಂದಳು. ನನ್ನ ಸರದಿ ಬಂದಾಗ ಯಾರೂ ಏನೂ ಹೇಳಲಿಲ್ಲ. “ನಿಮ್ಮನ್ನ ಹುಡುಕೋಕೆ ದುರ್ಯೋಧನ ಗೂಢಚಾರರನ್ನ ಕಳಿಸೋದೇ ಬೇಡ. ಬೆಳಗ್ಗೆ ಆರಕ್ಕೆ ‘ಕಾಫಿ ಆಯ್ತಾ’ ಅನ್ನೋ ದನಿ ಎಲ್ಲಿಂದ ಬರುತ್ತೋ ಅಲ್ಲಿಗೆ ಬಂದ್ರೆ ಆಯ್ತು” ಎಂದು ಕೊನೆಗೆ ನನ್ನಾಕೆ ತೀರ್ಮಾನ ಕೊಟ್ಟಳು.

ಪುಸ್ತಕದ ಜನ ಕಷ್ಟವನ್ನು ಹೇಗೆ ತಾಳಿಕೊಂಡರು ಎಂದು ಯೋಚಿಸುವಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬೀಳುವುದು ಅವರ ಕೈ. ಧೈರ್ಯ, ಸ್ಥೈರ್ಯ, ಆತ್ಮವಿಶ್ವಾಸ ಮುಂತಾದವನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಬಿಡೋಣ. ಅವು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತವೆ. ‘ಗೃಹಭಂಗ’ದ ನಂಜಮ್ಮನನ್ನು ನೋಡಿ. ಭೈರಪ್ಪನವರ ಆ ಕಾದಂಬರಿ ಬಂದದ್ದು 1970ರಲ್ಲಿ. ಅದನ್ನು ಓದಿದ ನಮ್ಮ ತಲೆಮಾರಿನ ಹೆಂಗಸರು ಚೆನ್ನಿಗರಾಯನನ್ನು ಬೈದಷ್ಟು ಸ್ವಂತ ಗಂಡಂದಿರನ್ನೂ ಬೈದಿಲ್ಲ. ಹೆಸರಿಗೆ ಆತ ಶ್ಯಾನುಭೋಗ. ಊಟದ ವಿಷಯವೊಂದು ಬಿಟ್ಟರೆ ಲೋಕದ ಯಾವ ವಿಷಯವೂ ಅವನಿಗೆ ತಾಗುವುದಿಲ್ಲ. ಮನೆಯಲ್ಲಿ ಮಕ್ಕಳು ಹಸಿದಿರಲಿ, ತಾನು ಹೋಟೆಲಿನಲ್ಲಿ ತಿಂದು ಬರುವ ಆಸಾಮಿ. ಅತ್ತೆ ಗಂಗಮ್ಮನ ಬಾಯಲ್ಲಿ ಬೈಗುಳವಿಲ್ಲದ ವಾಕ್ಯ ಹೊರಡುವುದೇ ಅಪರೂಪ. ಇಂಥ ಮನೆಯಲ್ಲಿ ಆ ಹೆಣ್ಣುಮಗಳು ಗಂಡ ಬರೆಯಬೇಕಾದ ಲೆಕ್ಕವನ್ನು ತಾನು ಕಲಿತಳು. ರೂಲುದೊಣ್ಣೆ ಇಟ್ಟು ಹಾಳೆಗೆ ಗೆರೆ ಎಳೆಯುವುದು, ಕಂದಾಯ ಬರೆಯುವುದು, ಬಾಕಿ ಕೂಡುವುದು, ಜಮಾಬಂದಿಯ ಹೊತ್ತಿಗೆ ಎಲ್ಲ ತಾಳೆ ಹಾಕುವುದು. ಊರಿನ ಯಾವ ಹೊಲ ಯಾರದು, ಯಾರು ಎಷ್ಟು ಬಾಕಿ ಎಂಬುದು ಅವಳ ಬೆರಳ ತುದಿಯಲ್ಲಿ. ಸಹಿ ಮಾತ್ರ ಯಜಮಾನರದು.

ಲೆಕ್ಕವಿಲ್ಲದ ಹೊತ್ತಿನಲ್ಲಿ ಅವಳು ಮುತ್ತುಗದ ಎಲೆ ಹಚ್ಚುತ್ತಿದ್ದಳು. ಊಟಕ್ಕೆ ಕಾಗದದ ತಟ್ಟೆ ಕಂಡಿರುವ ಹುಡುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲೆ ಕೊಯ್ದು ತರಬೇಕು, ಮುರುಟಿಕೊಳ್ಳದ ಹಾಗೆ ಒಣಗಿಸಬೇಕು, ಕೂತು ಒಂದರ ಅಂಚಿನ ಮೇಲೆ ಇನ್ನೊಂದು ಇಟ್ಟು ಸಣ್ಣ ಕಡ್ಡಿಯಿಂದ ಚುಚ್ಚುತ್ತ ದುಂಡಗೆ ಸೇರಿಸಿಕೊಂಡು ಹೋಗಬೇಕು. ಕಡ್ಡಿ ಒಂದು ಕೂದಲಷ್ಟು ಆಚೆ ಹೋದರೆ ಎಲೆ ಸೀಳುತ್ತದೆ. ಸಡಿಲ ಬಿಟ್ಟರೆ ಸಾರು ಸೋರುತ್ತದೆ. ನೂರು ಎಲೆಯ ಕಟ್ಟಿಗೆ ಸಿಗುವ ಕಾಸು ಹೇಳಿಕೊಳ್ಳುವಂಥದ್ದಲ್ಲ. ಪ್ಲೇಗು ಅವಳ ಬೆಳೆದ ಮಕ್ಕಳಿಬ್ಬರನ್ನು ತೆಗೆದುಕೊಂಡು ಹೋಯಿತು. ಆಮೇಲೂ ಆ ಕೈಗಳಿಗೆ ಬಿಡುವು ಸಿಗಲಿಲ್ಲ. ಕಾಲೇಜಿನ ನೋಟ್ಸುಗಳಲ್ಲಿ ನಂಜಮ್ಮನನ್ನು ತಾಳ್ಮೆಯ ಮೂರ್ತಿ, ಭಾರತೀಯ ನಾರಿಯ ಪ್ರತೀಕ ಎಂದೆಲ್ಲ ಬರೆದಿರುತ್ತಾರೆ. ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ. ಮೂರ್ತಿಗೆ ಕೈ ಅಲ್ಲಾಡುವುದಿಲ್ಲ. ಇವಳು ಕೂತಲ್ಲಿ ಕೂತವಳಲ್ಲ. ತಾಳ್ಮೆಯನ್ನು ಅಭ್ಯಾಸ ಮಾಡಲು ಅವಳಿಗೆ ಪುರಸೊತ್ತಾದರೂ ಎಲ್ಲಿತ್ತು?

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಗೆದ್ದಂತೆ. ಕೈಗೆ ಕೆಲಸ ಕೊಡಿ, ಕಷ್ಟ ಕರಗುತ್ತದೆ ಎಂದು ಒಂದು ಫಲಕ ಬರೆಸಿ ಬ್ಯಾಂಕಿನ ಗೋಡೆಗೆ ತೂಗುಹಾಕಬಹುದು. ಆದರೆ ದಾರಿಗೆ ಅಡ್ಡವಾಗಿ ಶಿವರಾಮ ಕಾರಂತರ ಚೋಮ ಕೂತಿದ್ದಾನೆ. ‘ಚೋಮನ ದುಡಿ’ 1933ರ ಪುಸ್ತಕ. ಚೋಮನ ಕೈಗೆ ಕೆಲಸದ ಕೊರತೆಯಿರಲಿಲ್ಲ. ಅವನೂ ಅವನ ಮಕ್ಕಳೂ ದುಡಿದೇ ಬಾಳಿದವರು. ಅವನು ಕೇಳಿದ್ದು ತನ್ನದು ಎಂದು ಹೇಳಿಕೊಂಡು ಉಳಲು ಒಂದು ತುಂಡು ಗದ್ದೆ. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಎತ್ತು ಮಾಡಿಕೊಂಡಿದ್ದ. ಎತ್ತಿದ್ದವು, ತೋಳಿತ್ತು, ಉಳುವ ಹುಚ್ಚಿತ್ತು. ಹುಟ್ಟಿದ ಜಾತಿಗೆ ಬೇಸಾಯ ಕೂಡದು ಎಂದರು. ಒಬ್ಬ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಿ ಎತ್ತಲಿಲ್ಲ, ಮುಟ್ಟಬಾರದವನ ಮಗ. ಸಿಟ್ಟು ಬಂದರೂ ದುಡಿ, ಸಂತೋಷವಾದರೂ ದುಡಿ, ದಿಕ್ಕು ತೋಚದಿದ್ದರೂ ದುಡಿ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಲೇ ಸತ್ತ. ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದಾಗ ಎಂ.ವಿ. ವಾಸುದೇವರಾಯರು ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಆ ಚಿತ್ರ ನೋಡಿ ಹೊರಗೆ ಬಂದ ಒಬ್ಬ ಸಂಗೀತಪ್ರಿಯರು “ಏನೇ ಹೇಳಿ, ಕಲೆ ದುಃಖವನ್ನ ಮರೆಸುತ್ತೆ” ಎಂದದ್ದನ್ನು ನಾನು ಕೇಳಿದ್ದೇನೆ. ಗದ್ದೆ ಕೊಟ್ಟಿದ್ದರೆ ಚೋಮ ಮರೆಯಬೇಕಾದ ದುಃಖವೇ ಇರುತ್ತಿರಲಿಲ್ಲ. ಗದ್ದೆ ಕೊಡದವರು ಕೂತು ದುಡಿಯ ನಾದಕ್ಕೆ ತಲೆದೂಗಬಾರದು.

ಹಾಗಾಗಿ ಕಷ್ಟದಲ್ಲೇ ಎರಡು ತರಹ ಎಂದು ಬೇರೆ ಮಾಡಿಟ್ಟುಕೊಂಡಿದ್ದೇನೆ. ಒಂದು ಹಣೆಬರಹದ್ದು, ಇನ್ನೊಂದು ನೆರೆಹೊರೆಯದ್ದು. ಪ್ಲೇಗು ಮೊದಲನೆಯದು, ಚೋಮನ ಬಾಳು ಎರಡನೆಯದು. ಬೇರೆಯವರ ಹಾಗೆ ಇಲ್ಲ ಎಂಬ ಕಷ್ಟವಿದೆಯಲ್ಲ, ಅದು ಬಹಳಮಟ್ಟಿಗೆ ನೆರೆಹೊರೆಯ ಕೊಡುಗೆ. ಒಂಟಿ ದ್ವೀಪದಲ್ಲಿ ಇದ್ದರೆ ಕುದುರೆಮುಖದವನಿಗೂ ತನ್ನ ಮುಖದಲ್ಲಿ ಏನು ಊನವಿದೆ ಎಂದು ತಿಳಿಯುತ್ತಿರಲಿಲ್ಲ.

ಕುದುರೆಮುಖ ಅಂದೊಡನೆ ಗಿರೀಶ ಕಾರ್ನಾಡರ ಹಯವದನ ಬರಲೇಬೇಕು. ಆ ನಾಟಕದ ದೇವದತ್ತ, ಕಪಿಲ, ಪದ್ಮಿನಿಯರ ತಲೆ ಬದಲಾವಣೆಯ ಗೋಜಲನ್ನು ವಿಮರ್ಶಕರು ಬೇಕಾದಷ್ಟು ಬಿಡಿಸಿದ್ದಾರೆ, ಇನ್ನಷ್ಟು ಕಗ್ಗಂಟೂ ಮಾಡಿದ್ದಾರೆ. ನನಗೆ ಪ್ರೀತಿ ಆ ಕುದುರೆತಲೆಯ ಮನುಷ್ಯನ ಮೇಲೆ. ಅವನ ತಾಯಿ ಕರ್ನಾಟಕದ ರಾಜಕುಮಾರಿ; ಸ್ವಯಂವರದಲ್ಲಿ ರಾಜಕುಮಾರರನ್ನೆಲ್ಲ ಬಿಟ್ಟು ಒಂದು ಬಿಳಿ ಕುದುರೆಗೆ ಮನಸೋತಳು. ಅವರ ಸಂಸಾರದ ಫಲ ಈತ. ತಲೆ ತೊಲಗಲಿ ಎಂದು ಕಾಶಿ ರಾಮೇಶ್ವರ ಸುತ್ತಿದ, ಸಾಧುಸಂತರು ಫಕೀರರು ಯಾರನ್ನೂ ಬಿಡಲಿಲ್ಲ. ಕೊನೆಗೆ ಭಾಗವತನ ಮಾತು ಕೇಳಿ ಕಾಳಿಯ ಗುಡಿಗೆ ಹೋದ. ನನ್ನನ್ನು ಪೂರ್ಣನನ್ನಾಗಿ ಮಾಡು ಎನ್ನುವಷ್ಟರಲ್ಲಿ, ಪೂರ್ಣ ಏನು ಎಂದು ಹೇಳಿ ಮುಗಿಸುವ ಮೊದಲೇ, ನಿದ್ದೆಗಣ್ಣಿನ ಕಾಳಿ ತಥಾಸ್ತು ಅಂದುಬಿಟ್ಟಳು. ಪೂರ್ಣ ಕುದುರೆಯಾದ! ಮನುಷ್ಯರ ದನಿ ಮಾತ್ರ ಉಳಿದುಹೋಯಿತು. ಅದನ್ನೂ ಕಳೆದುಕೊಳ್ಳಲು ಅವನು ಹಿಡಿದ ಉಪಾಯ ರಾಷ್ಟ್ರಗೀತೆ ಹಾಡುವುದು. ಅದನ್ನು ಹಾಡುವವರಿಗೆಲ್ಲ ಗಂಟಲು ಕೆಟ್ಟಿರುವುದನ್ನು ಅವನು ಗಮನಿಸಿದ್ದನಂತೆ. ಎಲ್ಲರ ಹಾಗಾಗಬೇಕು ಎಂದು ಹೊರಟವರಿಗೆ ನಾನು ಈ ಕಥೆ ಹೇಳುವುದುಂಟು. ಪರಿಣಾಮ ಅಷ್ಟಕ್ಕಷ್ಟೆ. ನನ್ನ ಗೆಳೆಯನೊಬ್ಬ ಬೋಳುತಲೆಗೆ ಕೂದಲು ನೆಡಿಸಿಕೊಳ್ಳಲು ಹೊರಟಾಗ ಇದನ್ನು ಪೂರ್ತಿ ಕೇಳಿಸಿಕೊಂಡು, “ಕಾಳಿ ಇ.ಎಮ್.ಐ. ತಗೋತಾಳೇನಯ್ಯಾ?” ಎಂದ.

ತೇಜಸ್ವಿಯವರ ಮಂದಣ್ಣನಿಗೆ ಈ ಪೂರ್ಣತೆಯ ರಗಳೆಯೇ ಇಲ್ಲ. ‘ಕರ್ವಾಲೊ’ 1980ರಲ್ಲಿ ಬಂತು. ಮೂಡಿಗೆರೆ ಸೀಮೆಯ ಆ ಹುಡುಗ ಊರವರ ಲೆಕ್ಕದಲ್ಲಿ ಪೆದ್ದ, ಉಂಡಾಡಿ. ಓದಿಲ್ಲ, ಕೆಲಸ ನೆಟ್ಟಗಿಲ್ಲ, ಕಾಡು ಅಲೆಯುತ್ತಾನೆ, ಜೇನು ಹಿಂಡು ಹಿಡಿಯುತ್ತಾನೆ. ಅವನ ದೊಡ್ಡ ಸಮಸ್ಯೆ ಎಂದರೆ ಒಂದು ನೌಕರಿ ಇಲ್ಲದೆ ಹೆಣ್ಣು ಕೊಡುವವರಿಲ್ಲ. ಈ ಒಂದು ವಿಷಯದಲ್ಲಿ ಮಲೆನಾಡು ಇಷ್ಟು ವರ್ಷದಲ್ಲಿ ಬದಲಾಗಿಲ್ಲ, ಇನ್ನೂ ಬಿಗಿಯಾಗಿದೆ. ಐವತ್ತು ಎಕರೆ ಕಾಫಿ ತೋಟ ಇದ್ದರೂ ಹುಡುಗ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಒತ್ತುತ್ತಿರಬೇಕು. ಅದಿರಲಿ. ಊರಿಗೆಲ್ಲ ಪೆದ್ದನಾಗಿ ಕಂಡ ಹುಡುಗ ಕರ್ವಾಲೊ ಎಂಬ ವಿಜ್ಞಾನಿಗೆ ಬೇರೆಯಾಗಿಯೇ ಕಂಡ. ಯಾಕೆಂದರೆ ಬೇರೆಯವರು ನೋಡಿಯೂ ಕಾಣದ ಕಾಡಿನಲ್ಲಿ ಮಂದಣ್ಣ ಹಾರುವ ಓತಿಯನ್ನು ಕಂಡಿದ್ದ, ಕಂಡದ್ದನ್ನು ನೆನಪಿಟ್ಟುಕೊಂಡಿದ್ದ. ಅವನು ತನ್ನನ್ನು ತಿದ್ದಿಕೊಂಡು ಜಾಣನಾಗಲಿಲ್ಲ. ಮೊದಲ ಪುಟದಲ್ಲಿ ಹೇಗಿದ್ದನೋ ಕೊನೆಯ ಪುಟದಲ್ಲೂ ಹಾಗೇ ಇದ್ದಾನೆ. ನೋಡುವ ಕಣ್ಣು ಬೇರೆಯಾಯಿತು ಅಷ್ಟೆ. ಹತ್ತು ಜನ ಕನಿಕರ ತೋರಿಸುವುದಕ್ಕಿಂತ ಒಬ್ಬ ಕರ್ವಾಲೊ ಸಿಕ್ಕುವುದು ಮೇಲು. ಕನಿಕರ ತೋರಿಸುವವರು ಮಾತ್ರ ಬೀದಿಗೆ ಹತ್ತು ಜನ ಸಿಗುತ್ತಾರೆ.

ಕರ್ವಾಲೊ ಸಿಗದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ತ್ರಿವೇಣಿಯವರ ಕಾವೇರಿ ಇದ್ದಾಳೆ. 1963ರಲ್ಲಿ, ಇನ್ನೂ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿ ಮನಶ್ಶಾಸ್ತ್ರ ಓದಿದ್ದವರು. ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಬುದ್ಧಿ ಕಲಕಿ, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಅವಳ ಕಾಯಿಲೆ ವಾಸಿಯಾಯಿತು, ಮನೆಯವರದು ಆಗಲಿಲ್ಲ. ನಕ್ಕರೆ ಹುಚ್ಚು ಮರುಕಳಿಸಿತೇ ಎಂದು ನೋಡುತ್ತಾರೆ, ಅತ್ತರೆ ಶುರುವಾಯಿತು ಎನ್ನುತ್ತಾರೆ, ಸುಮ್ಮನೆ ಕೂತರೆ ಇನ್ನೂ ಭಯ. ಬಾಕಿ ಜನರಿಗೆಲ್ಲ ಸಿಟ್ಟು ಮಾಡಿಕೊಳ್ಳುವ ಹಕ್ಕಿದೆ. ಅವಳು ಸಿಟ್ಟಾದರೆ ಮಾತ್ರ ಅದು ರೋಗದ ಲಕ್ಷಣ. ನಂಜಮ್ಮನಿಗೆ ಒಂದು ಲೆಕ್ಕದ ಪುಸ್ತಕವಾದರೂ ಇತ್ತು. ಕಾವೇರಿಯ ಕೈಯಿಂದ ಗಂಡ, ಮಗು, ಮನೆ ಒಂದೊಂದಾಗಿ ಸರಿದುಹೋಗುತ್ತವೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಆ ಚಿತ್ರಕ್ಕೆ ಸುರಿದ ಕಣ್ಣೀರನ್ನು ಹಿಡಿದಿಟ್ಟಿದ್ದರೆ ಒಂದು ಸಣ್ಣ ಕೆರೆಯೇ ಆಗುತ್ತಿತ್ತು.

ಆ ಕಣ್ಣೀರಿನಲ್ಲಿ ನಮ್ಮ ಬೀದಿಯ ಪಾಲೂ ಇದೆ. ನಮ್ಮ ಬೀದಿಯ ಮೂರು ನಾಲ್ಕು ಹಿರಿಯ ಹೆಂಗಸರು ಆ ಸಿನಿಮಾವನ್ನು ಮೂರು ಸಲ ನೋಡಿದ್ದೇವೆ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಬೀದಿಯಲ್ಲಿ ಇಪ್ಪತ್ತು ಇಪ್ಪತ್ತೆರಡರ ಒಬ್ಬ ಹುಡುಗನಿದ್ದಾನೆ. ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಮಿಕ್ಸಿ ಶಬ್ದ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಸಂಜೆ ಸರ್ಕಲ್ಲಿನ ಕಟ್ಟೆಯ ಮೇಲೆ ಕೂತು ಸಿಟಿ ಬಸ್ಸುಗಳನ್ನು ನೋಡುತ್ತಾನೆ. ಯಾವ ನಂಬರಿನ ಬಸ್ಸು ಎಷ್ಟು ಗಂಟೆಗೆ ಬರಬೇಕು, ಇವತ್ತು ಎಷ್ಟು ತಡ, ಮೊನ್ನೆ ಈ ರೂಟಿನಲ್ಲಿ ಓಡುತ್ತಿದ್ದ ಗಾಡಿ ಈಗ ಯಾವ ರೂಟಿಗೆ ಹೋಗಿದೆ ಎಂಬುದೆಲ್ಲ ಅವನಿಗೆ ಗೊತ್ತು. ಮೊಬೈಲಿನ ಆ್ಯಪ್ ತಪ್ಪು ಹೇಳಿದ್ದುಂಟು, ಅವನು ಹೇಳಿದ್ದನ್ನು ನಾನು ಕಂಡಿಲ್ಲ. ಕಲ್ಪನಾಗಾಗಿ ಸೆರಗು ಒದ್ದೆ ಮಾಡಿಕೊಂಡ ಆ ಮಹಿಳೆಯರಲ್ಲಿ ಒಬ್ಬರು ಅವನ ಅಮ್ಮನಿಗೆ, “ಮನೆಗೆ ನೆಂಟರು ಬಂದಾಗಲಾದ್ರೂ ಅವನನ್ನ ಒಳಗಿಟ್ಕೊಬಾರ್ದೇನ್ರೀ” ಅಂದರಂತೆ. ಆ ತಾಯಿ ಏನು ಉತ್ತರ ಕೊಟ್ಟರು ಎಂದು ನನಗೆ ಹೇಳಿದವರು ಹೇಳಲಿಲ್ಲ. ಮಾರನೆಯ ಸಂಜೆಯೂ ಹುಡುಗ ಕಟ್ಟೆಯ ಮೇಲಿದ್ದ.

ಪುಸ್ತಕದೊಳಗಿನ 'ಬೇರೆ'ಯವರನ್ನು ನಾವು ಇಷ್ಟೊಂದು ಪ್ರೀತಿಸುವುದಕ್ಕೆ ಕಾರಣ ಸರಳ: ಅವರು ನಮ್ಮ ಮನೆಯ ಬಾಗಿಲು ತಟ್ಟುವುದಿಲ್ಲ. ಮೂಕಜ್ಜಿಯನ್ನೇ ನೋಡಿ. 1968ರಲ್ಲಿ ಪುಸ್ತಕವಾಗಿ ಬಂದು ಶಿವರಾಮ ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದಳು. ಮದುವೆ ಎಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಮುದುಕಿ; ಅಶ್ವತ್ಥದ ಕಟ್ಟೆಯ ಮೇಲೆ ಕೂತು, ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿ ಅದರ ಹಿಂದಿನದ್ದೆಲ್ಲ ಹೇಳುತ್ತಾಳೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಅವಳು ಆಡುವ ಮಾತನ್ನು ನಮ್ಮ ಮನೆಯ ಅಜ್ಜಿ ಸತ್ಯನಾರಾಯಣ ಪೂಜೆಯ ದಿನ ಆಡಿದ್ದರೆ ಪ್ರಸಾದ ಹಂಚುವ ಮೊದಲೇ ಒಳಕೋಣೆಗೆ ಕರೆದೊಯ್ದು ಕೂರಿಸುತ್ತಿದ್ದೆವು. ಸುಬ್ಬರಾಯನಂಥ ಮೊಮ್ಮಗ ಪಕ್ಕದಲ್ಲಿ ಕೂತು, ಆಮೇಲೇನಾಯ್ತಜ್ಜಿ ಎಂದು ಕೇಳಿದ್ದರಿಂದ ಮೂಕಜ್ಜಿಗೆ ಬಾಯಿ ಬಂತು. ಎಲ್ಲ ಮನೆಯಲ್ಲೂ ಅಂಥ ಮೊಮ್ಮಗ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕಷ್ಟವನ್ನು ಎದುರಿಸುವ ಕನ್ನಡದ ಪಾತ್ರಗಳಲ್ಲಿ ನನ್ನ ಮೊದಲ ಆಯ್ಕೆ ಯಾರು ಎಂದು ನೀವು ಕೇಳಿದರೆ ಒಬ್ಬರ ಹೆಸರು ಹೇಳಲಾರೆ, ಒಂದು ಇಡೀ ಮನೆಯ ಹೆಸರು ಹೇಳುತ್ತೇನೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಮನೆ. ಕೋಳಿ ಕಳೆದುಹೋಯಿತೆಂದು ಸಾಕವ್ವ ಊರೆಲ್ಲ ಹುಡುಕುತ್ತಿದ್ದಾಳೆ. ಆ ಮನೆಯಲ್ಲಿ ಹಸಿವೇ ಹಿರಿಯ ಸದಸ್ಯ. ಒಂದು ರಾತ್ರಿ ಮಗನೊಬ್ಬ ಊರ ಸಾಹುಕಾರನ ಕಡಲೆಕಾಯಿಯನ್ನು ಕದ್ದು ಮೂಟೆ ಹೊತ್ತು ತರುತ್ತಾನೆ. ಬೆಳಗಾಗುವುದರೊಳಗೆ ಅದು ಮುಗಿಯಬೇಕು, ಸುಳಿವು ಉಳಿಯಕೂಡದು. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂರುತ್ತಾರೆ. ಸುಲಿಯುತ್ತಾರೆ, ತಿನ್ನುತ್ತಾರೆ, ಸಿಪ್ಪೆಯನ್ನು ಬೆಂಕಿಗೆ ಎಸೆಯುತ್ತಾರೆ. ಮೊದಮೊದಲು ಆತುರ, ಹೊಟ್ಟೆ ತಣಿದ ಮೇಲೆ ಮಾತು, ಮಾತಿನ ನಡುವೆ ನಗೆ. ಮಕ್ಕಳಿಗೆ ನಿದ್ದೆಯಿಲ್ಲ. ಆ ರಾತ್ರಿ ಅವರು ಬಡವರಲ್ಲ. ಮಾರನೆಯ ದಿನ ಪೊಲೀಸರು ಬಂದು ಮನೆ ಜಾಲಾಡಿದರೆ ಸಿಗುವುದು ಬೂದಿ. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲೊಂದು ಇರುತ್ತದೆ.

ಕನ್ನಡ ಸಾಹಿತ್ಯದಲ್ಲಿ ಊಟದ ವರ್ಣನೆಗೆ ಕೊರತೆಯಿಲ್ಲ. ಭೀಮ ಬಕನಿಗೆ ಹೊರಟ ಅನ್ನದ ಬಂಡಿಯನ್ನು ಖಾಲಿ ಮಾಡಿದ್ದರಿಂದ ಹಿಡಿದು ಮದುವೆಮನೆಯ ಭಕ್ಷ್ಯಗಳ ತನಕ ಬೇಕಾದಷ್ಟಿವೆ. ಸಾಕವ್ವನ ಮನೆಯ ಆ ಕಡಲೆಕಾಯಿ ಊಟವನ್ನು ಮೀರಿಸಿದ್ದನ್ನು ನಾನು ಓದಿಲ್ಲ. ಕಳ್ಳತನ ತಪ್ಪಲ್ಲವೇ ಎಂದು ಒಬ್ಬರು ಕೇಳಿದರು. ವರ್ಷವೆಲ್ಲ ಆ ಮನೆಯವರ ಬೆವರು ಯಾರ ಕಣಜ ಸೇರಿತು ಎಂಬ ಲೆಕ್ಕವನ್ನು ನಂಜಮ್ಮನಂಥ ಯಾರಾದರೂ ಕೂತು ಬರೆದರೆ ಆಮೇಲೆ ಆ ಮಾತಾಡೋಣ ಎಂದೆ. ಅವರು ಬೇರೆ ವಿಷಯ ಎತ್ತಿದರು.

‘ಒಡಲಾಳ’ ತೆಳ್ಳಗಿನ ಪುಸ್ತಕ. ಮಾತೆಲ್ಲ ನಂಜನಗೂಡು ಸೀಮೆಯ ಆಡುನುಡಿ. ಮೊದಲ ನಾಲ್ಕು ಪುಟ ತೊಡರಿದರೂ ಗಟ್ಟಿಯಾಗಿ ಓದಿಕೊಂಡರೆ ತಾನೇ ಸಡಿಲವಾಗುತ್ತದೆ. ಓದದೇ ಇರುವವರು ಒಂದು ಸಂಜೆ ಕೂತು ಓದಿ ಮುಗಿಸಿ. ಪಕ್ಕದಲ್ಲಿ ಒಂದು ಪಾವು ಹುರಿದ ಕಡಲೆಕಾಯಿ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ತಂದದ್ದಾದರೆ ಸಿಪ್ಪೆ ಸುಡುವ ಅಗತ್ಯವಿಲ್ಲ.